ಹನ್ನೊಂದರಿಂದ ಎಣಿಕೆಯಾದ ಮಾಲಿಕೆ: ಹಳೆಯ ಚಿತ್ರಕಥಾ ಪುಸ್ತಕಗಳ ಸಂಗ್ರಹ ಮತ್ತು ಕನ್ನಡದ ಮೊದಲ ನಾಯಕ-ನಾಯಿಕೆಯರು

ಕನ್ನಡದ ಗ್ರಂಥಸಂಗ್ರಹದ ಇತಿಹಾಸದಲ್ಲಿ ವಿಜಯಪುರ ಜಿಲ್ಲೆಗೆ ವಿಶಿಷ್ಟವಾದ ಸ್ಥಾನವಿದೆ. ಫ.ಗು. ಹಳಕಟ್ಟಿಯವರು (1880–1964) ಊರೂರು ತಿರುಗಿ, ಮಠಗಳಲ್ಲಿಯೂ ಮನೆಗಳ ಅಟ್ಟದ ಮೇಲೂ ಬಿದ್ದಿದ್ದ ತಾಡವೋಲೆಯ ಕಟ್ಟುಗಳನ್ನು ಒಟ್ಟುಗೂಡಿಸಿದರು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಪೂಜೆಯ ಗಂಟಿನಲ್ಲಿ ಉಳಿದಿದ್ದ ಓಲೆಗಳು ಸಾಹಿತ್ಯಚರಿತ್ರೆಯ ಆಕರಗಳಾಗಿ ಪರಿವರ್ತನೆಗೊಂಡದ್ದು ಸಂಗ್ರಾಹಕನ ಕೈ ತಾಗಿದ ಮೇಲೆಯೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇದೇ ಜಿಲ್ಲೆ ಮಕ್ಕಳ ಸಾಹಿತ್ಯಕ್ಕೂ ಹೆಸರಾದುದು. ಬಸವನಬಾಗೇವಾಡಿ ಸೀಮೆಯ ಯರನಾಳದ ಸಿಸು ಸಂಗಮೇಶ, ಶಂ.ಗು. ಬಿರಾದಾರ, ಕಂಚ್ಯಾಣಿ ಶರಣಪ್ಪ ಮೊದಲಾದವರ ಶಿಶುಗೀತೆಗಳನ್ನು ಬಿಟ್ಟು ಇಪ್ಪತ್ತನೆಯ ಶತಮಾನದ ಕನ್ನಡ ಮಕ್ಕಳ ಸಾಹಿತ್ಯದ ಮಾತು ಪೂರ್ಣವಾಗುವುದಿಲ್ಲ.

ಆದರೆ ಗೊಳಸಂಗಿಯಂಥ ಊರಿನ ಒಂದು ಮನೆಯಲ್ಲಿ ಹಳೆಯ ಟ್ರಂಕನ್ನು ತೆರೆದಾಗ ಶಿಶುಗೀತೆಯ ಸಂಕಲನ ದೊರೆತರೆ ಅದು ಗ್ರಂಥಾಲಯಕ್ಕೆ ಹೋಗಬಹುದು. ಅದರ ಪಕ್ಕದಲ್ಲಿಯೇ ಪಿನ್ನು ತುಕ್ಕು ಹಿಡಿದ, ಹೊದಿಕೆ ಕಳೆದುಕೊಂಡ ಬಣ್ಣದ ಚಿತ್ರಕಥೆಯೊಂದು ದೊರೆತರೆ ಅದು ಹೋಗುವುದು ರದ್ದಿಯ ತಕ್ಕಡಿಗೆ. ಮೊದಲನೆಯದು ಸಾಹಿತ್ಯ, ಎರಡನೆಯದು ಮಕ್ಕಳ ಹಟಕ್ಕೆ ಕೊಡಿಸಿದ ಕಾಗದ ಎಂಬ ಭಾವನೆ ಬಲವಾಗಿದೆ. ಈ ಭಾವನೆಯಿಂದ ಕನ್ನಡಕ್ಕೆ ಆಗಿರುವ ನಷ್ಟ ಎಂಥದೆಂಬುದನ್ನು ಒಂದು ನಿರ್ದಿಷ್ಟ ಪ್ರಕರಣದ ಮೂಲಕ ಪರಿಶೀಲಿಸಬಹುದಾಗಿದೆ. ಭಾರತದ ಅತ್ಯಂತ ಪ್ರಸಿದ್ಧ ಚಿತ್ರಕಥಾ ಮಾಲಿಕೆಯಾದ ‘ಅಮರ ಚಿತ್ರ ಕಥೆ’ ಹುಟ್ಟಿದ್ದು ಕನ್ನಡದಲ್ಲಿ. ಅದಕ್ಕೆ ಪ್ರಮಾಣವಾದುದು ಒಂದು ಕ್ರಮಸಂಖ್ಯೆ.

ಹನ್ನೊಂದು ಎಂಬ ಸಂಖ್ಯೆ

ಅಮರ ಚಿತ್ರ ಕಥೆಯ ಇಂಗ್ಲಿಷ್ ಆವೃತ್ತಿಯ ಮೂಲ ಕ್ರಮವನ್ನು ಜೋಡಿಸಿಟ್ಟುಕೊಂಡ ಯಾವ ಸಂಗ್ರಾಹಕನಿಗೂ ಮೊದಲು ಎದುರಾಗುವ ತೊಡಕು ಇದು: ‘ಕೃಷ್ಣ’ ಮಾಲಿಕೆಯ ಮೊದಲ ಪುಸ್ತಕವೆಂದು ಪ್ರಸಿದ್ಧವಾಗಿದೆ, ಆದರೆ ಅದರ ಸಂಖ್ಯೆ 11. ‘ಶಕುಂತಲಾ’ 12, ‘ಸಾವಿತ್ರಿ’ 14. ಒಂದರಿಂದ ಹತ್ತರವರೆಗಿನ ಪುಸ್ತಕಗಳು ಎಲ್ಲಿ ಹೋದವು?

ಮಾಲಿಕೆಯ ಹುಟ್ಟಿನ ಬಗೆಗೆ ಪ್ರಚಲಿತವಾಗಿರುವ ಕಥನ ಈ ಪ್ರಶ್ನೆಗೆ ಉತ್ತರ ನೀಡುವುದಿಲ್ಲ. ಆ ಕಥನದಂತೆ, ಅನಂತ ಪೈ ಅವರು 1967ರಲ್ಲಿ ದೆಹಲಿಯಲ್ಲಿ ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮವೊಂದನ್ನು ನೋಡಿದರು. ಗ್ರೀಕ್ ಪುರಾಣದ ಪ್ರಶ್ನೆಗೆ ಸುಲಭವಾಗಿ ಉತ್ತರಿಸಿದ ಮಕ್ಕಳು ರಾಮನ ತಾಯಿಯ ಹೆಸರನ್ನು ಹೇಳಲಾರದೆ ಹೋದರು. ಆ ವ್ಯಥೆಯಿಂದ ಮಾಲಿಕೆ ಹುಟ್ಟಿತು. ಕಾರ್ಕಳದಲ್ಲಿ 1929ರ ಸೆಪ್ಟೆಂಬರ್ 17ರಂದು ಜನಿಸಿ 2011ರ ಫೆಬ್ರುವರಿ 24ರಂದು ನಿಧನರಾದ ಪೈ ಅವರು ಈ ಘಟನೆಯನ್ನು ಅನೇಕ ಸಂದರ್ಶನಗಳಲ್ಲಿ ನೆನೆದಿದ್ದಾರೆ. ಅದನ್ನು ಶಂಕಿಸಲು ಕಾರಣವಿಲ್ಲ. ಆದರೆ ಆ ಘಟನೆ ಒಂದು ಸಂಕಲ್ಪದ ಮೂಲವನ್ನು ಹೇಳುತ್ತದೆಯೇ ಹೊರತು ಮಾಲಿಕೆಯ ಮೂಲವನ್ನಲ್ಲ.

ಮಾಲಿಕೆಯ ಮೂಲ ಅದಕ್ಕಿಂತ ಎರಡು ವರ್ಷ ಹಿಂದಿನದು. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿ ಪುಸ್ತಕ ಮಾರಾಟದ ಹೊಣೆ ಹೊತ್ತಿದ್ದ ಜಿ.ಕೆ. ಅನಂತರಾಮ್ ಅವರು, ಮಕ್ಕಳಿಗಾಗಿ ಕನ್ನಡದಲ್ಲಿಯೇ ಬಣ್ಣದ ಚಿತ್ರಕಥೆಗಳನ್ನು ತರಬೇಕೆಂಬ ಸಲಹೆಯನ್ನು ಮುಂದಿಟ್ಟರು. 1965ರಲ್ಲಿ ‘ಅಮರ ಚಿತ್ರ ಕಥೆ’ ಎಂಬ ಹೆಸರಿನಲ್ಲಿಯೇ ಕನ್ನಡ ಪುಸ್ತಕಗಳು ಪ್ರಕಟವಾದವು. ಅವುಗಳ ಮಾರಾಟ ಚೆನ್ನಾಗಿ ನಡೆದುದರಿಂದಲೇ ಮುಂಬಯಿಯ ಮುಖ್ಯ ಕಚೇರಿಯಲ್ಲಿದ್ದ ಮಿರ್ಚಂದಾನಿಯವರು ಇಂಗ್ಲಿಷ್ ಆವೃತ್ತಿಗೆ ಮನಸ್ಸು ಮಾಡಿದರೆಂದೂ, ಆ ಕಾರ್ಯಕ್ಕೆ ಅನಂತ ಪೈ ಅವರನ್ನು ಕರೆತಂದರೆಂದೂ ಅನಂತರಾಮ್ ಅವರೇ ಹೇಳಿದ್ದಾರೆ. ಇಂಗ್ಲಿಷ್ ಮಾಲಿಕೆ ಹನ್ನೊಂದರಿಂದ ಆರಂಭವಾಗುವುದು ಈ ಕಾರಣದಿಂದ. ಮೊದಲ ಹತ್ತು ಸ್ಥಾನಗಳನ್ನು ಕನ್ನಡ ಆಗಲೇ ತುಂಬಿತ್ತು.

ಹಾಗೆ ತುಂಬಿದ ಪುಸ್ತಕಗಳು ಯಾವುವು ಎಂಬಲ್ಲಿ ಈ ಪ್ರಕರಣದ ನಿಜವಾದ ಸ್ವಾರಸ್ಯವಿದೆ. ಅವು ರಾಮಾಯಣ, ಮಹಾಭಾರತಗಳಲ್ಲ. ಸಿಂಡ್ರೆಲಾ, ಹಿಮಶ್ವೇತೆಯೆಂದು ಕನ್ನಡಿಸಬಹುದಾದ ಸ್ನೋ ವೈಟ್, ನಿದ್ರಾಸುಂದರಿ, ಕೆಂಪು ಟೊಪ್ಪಿಗೆಯ ಹುಡುಗಿ, ಅಲ್ಲಾವುದ್ದೀನ, ಪಿನೋಕಿಯೋ, ಅವರೆಬಳ್ಳಿಯ ಜಾಕ್, ಮೂರು ಹಂದಿಮರಿಗಳು, ಓಜ್ ನಾಡಿನ ಮಾಂತ್ರಿಕ, ಮಾಯಾ ಚಿಲುಮೆ—ಇವು ಆ ಹತ್ತು ಕಥೆಗಳು. ಅಮೆರಿಕದ ಗಿಲ್ಬರ್ಟನ್ ಸಂಸ್ಥೆ 1953ರಿಂದ ಹೊರಡಿಸುತ್ತಿದ್ದ ‘ಕ್ಲಾಸಿಕ್ಸ್ ಇಲಸ್ಟ್ರೇಟೆಡ್ ಜೂನಿಯರ್’ ಮಾಲಿಕೆಯ ಚಿತ್ರಗಳಿಗೆ ಕನ್ನಡದ ಮಾತುಗಳನ್ನು ಕೂಡಿಸಿ ಇವನ್ನು ಸಿದ್ಧಪಡಿಸಲಾಗಿತ್ತು. ಪಶ್ಚಿಮದ ಕಥೆಗಳು ಭಾರತೀಯ ಮಕ್ಕಳನ್ನು ತಮ್ಮ ಪುರಾಣಗಳಿಂದ ದೂರ ಮಾಡಿದವೆಂಬ ಕೊರಗಿನಿಂದ ಹುಟ್ಟಿತೆನ್ನಲಾದ ಮಾಲಿಕೆಗೆ ನೆಲಗಟ್ಟು ಒದಗಿಸಿದವರು ಸಿಂಡ್ರೆಲಾ ಮತ್ತು ಅವಳ ಸಂಗಾತಿಗಳು. ಅದೂ ಕನ್ನಡ ಮಾತಾಡಿದ ಸಿಂಡ್ರೆಲಾ. ಪ್ರಚಲಿತ ಕಥನದಲ್ಲಿ ಈ ಹತ್ತು ಪುಸ್ತಕಗಳಿಗೆ ಸ್ಥಾನ ದೊರೆಯದಿರುವುದು ಆಶ್ಚರ್ಯವಲ್ಲ. ಅವು ಆ ಕಥನಕ್ಕೆ ಹೊಂದುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. 1967ರಲ್ಲಿ ಭಾರತದ ದೂರದರ್ಶನ ದೆಹಲಿಯ ಎಲ್ಲೆಯನ್ನು ದಾಟಿರಲಿಲ್ಲ. ಮುಂಬಯಿಗೆ ಅದು ಬಂದದ್ದು 1972ರಲ್ಲಿ. ಉಪಗ್ರಹ ಆಧಾರಿತ ಬೋಧನಾ ಪ್ರಯೋಗ 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ನಡೆದಾಗ ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳ ಆಯ್ದ ಹಳ್ಳಿಗಳು ಮೊದಲ ಬಾರಿಗೆ ಆ ಪೆಟ್ಟಿಗೆಯನ್ನು ಕಂಡವು. ಮನೆಯೊಳಗೆ ಬಣ್ಣದ ಚಿತ್ರಗಳ ಸರಣಿಯಲ್ಲಿ ಕಥೆಯನ್ನು ತಂದುಕೊಟ್ಟದ್ದು ಈ ಸೀಮೆಯ ಮಟ್ಟಿಗೆ ಚಿತ್ರಕಥೆಯೇ, ದೂರದರ್ಶನವಲ್ಲ. ದೆಹಲಿಯ ರಸಪ್ರಶ್ನೆಯನ್ನು ಆರಂಭಬಿಂದುವಾಗಿ ಇರಿಸಿಕೊಂಡ ಇತಿಹಾಸ ಕನ್ನಡ ಓದುಗನ ಅನುಭವದ ಕಾಲಕ್ರಮವನ್ನು ತಲೆಕೆಳಗು ಮಾಡುತ್ತದೆ.

ಇಂದ್ರಜಾಲದ ವೀರರು

ಅಮರ ಚಿತ್ರ ಕಥೆಗೂ ಮೊದಲು ಭಾರತದ ಓದುಗರಿಗೆ ಚಿತ್ರಕಥೆಯ ರುಚಿ ಹತ್ತಿಸಿದ್ದು ‘ಇಂದ್ರಜಾಲ ಕಾಮಿಕ್ಸ್’. ಟೈಮ್ಸ್ ಆಫ್ ಇಂಡಿಯಾ ಪ್ರಕಾಶನ ಇದನ್ನು 1964ರ ಮಾರ್ಚ್ ತಿಂಗಳಲ್ಲಿ ಆರಂಭಿಸಿತು. ಹಳಕಟ್ಟಿಯವರು ತೀರಿಕೊಂಡದ್ದೂ ಅದೇ ವರ್ಷ. ಸಂಬಂಧವಿಲ್ಲದ ಎರಡು ಘಟನೆಗಳಾದರೂ ಜಿಲ್ಲೆಯ ಓದಿನ ಚರಿತ್ರೆಯಲ್ಲಿ ಅಕ್ಕಪಕ್ಕದಲ್ಲಿ ನಿಲ್ಲುತ್ತವೆ. ಅನಂತ ಪೈ ಅವರು ಆಗ ಅಲ್ಲಿಯೇ ಉದ್ಯೋಗದಲ್ಲಿದ್ದು ಇಂದ್ರಜಾಲದ ಆರಂಭದಲ್ಲಿ ಪಾಲ್ಗೊಂಡಿದ್ದರು. ಆ ಅನುಭವವನ್ನು ಹೊತ್ತುಕೊಂಡೇ ಅವರು ಇಂಡಿಯಾ ಬುಕ್ ಹೌಸ್‌ಗೆ ಬಂದದ್ದು.

ಇಂದ್ರಜಾಲದ ಮೊದಲ 32 ಸಂಚಿಕೆಗಳ ನಾಯಕ ಒಬ್ಬನೇ, ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್. ಅಮೆರಿಕದ ದಿನಪತ್ರಿಕೆಗಳಲ್ಲಿ 1936ರ ಫೆಬ್ರುವರಿ 17ರಂದು ಕಾಣಿಸಿಕೊಂಡ ಈತ ಮುಸುಕುಧಾರಿ ವೀರರ ಪರಂಪರೆಯಲ್ಲಿ ಆದ್ಯರಲ್ಲೊಬ್ಬ. ಸೂಪರ್‌ಮ್ಯಾನ್ ಬಂದದ್ದು ಎರಡು ವರ್ಷಗಳ ಅನಂತರ. ಫಾಕ್ ಅವರ ಇನ್ನೊಬ್ಬ ನಾಯಕ, ಮಾಂತ್ರಿಕ ಮ್ಯಾಂಡ್ರೇಕ್, 1934ರಷ್ಟು ಹಿಂದಿನವನು. ಇಂದ್ರಜಾಲ ಮೊದಲಿಗೆ ಇಂಗ್ಲಿಷ್, ಹಿಂದಿ, ಮರಾಠಿಗಳಲ್ಲಿ ಹೊರಟಿತು. ಅನಂತರ ಬಂಗಾಳಿ, ಗುಜರಾತಿ, ತಮಿಳು ಮೊದಲಾದ ಭಾಷೆಗಳಿಗೆ ವಿಸ್ತರಿಸಿತು. ಕನ್ನಡ ಮತ್ತು ಮಲಯಾಳಂ ಆವೃತ್ತಿಗಳು ಇನ್ನೂ ತಡವಾಗಿ ಬಂದವು. ಸುಧಾ ವಾರಪತ್ರಿಕೆಯ ಪುಟಗಳಲ್ಲಿ ಫ್ಯಾಂಟಮ್‌ನನ್ನು ಓದಿ ಬೆಳೆದ ಕನ್ನಡಿಗರ ಸಂಖ್ಯೆಯೂ ಕಡಿಮೆಯದಲ್ಲ.

1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ, ಸೊಲ್ಲಾಪುರದ ಪೇಟೆಯೊಡನೆ ನಿತ್ಯದ ವ್ಯವಹಾರವಿದ್ದ ವಿಜಯಪುರ ಸೀಮೆಯಲ್ಲಿ ಹಳೆಯ ಚಿತ್ರಕಥೆಗಳನ್ನು ಅರಸುವವರು ಕನ್ನಡದ ಪ್ರತಿಗಳಿಗಷ್ಟೇ ಸೀಮಿತರಾಗಬಾರದು. ಮರಾಠಿ ಬಲ್ಲ ಹಿರಿಯರಿದ್ದ ಮನೆಗಳಲ್ಲಿ ಆ ಭಾಷೆಯ ಇಂದ್ರಜಾಲವನ್ನೂ ಹುಡುಕಬೇಕಾಗುತ್ತದೆ. ಭಾಷಾವಾರು ಸೂಚಿಗಳನ್ನು ಮಾತ್ರ ನೆಚ್ಚುವ ಸಂಶೋಧನೆ ಗಡಿಸೀಮೆಯ ಓದನ್ನು ಅರ್ಧದಷ್ಟೇ ಕಾಣಬಲ್ಲದು.

ವಿದೇಶೀ ನಾಯಕ ಭಾರತಕ್ಕೆ ಬರುವಾಗ ಕೆಲವು ಹೆಸರುಗಳು ಬದಲಾದವು. ಫ್ಯಾಂಟಮ್‌ನ ಕಾಡುನಾಡಿಗೆ ಮೂಲದಲ್ಲಿದ್ದ ಹೆಸರು ಬಂಗಾಳವನ್ನು ನೆನಪಿಸುತ್ತಿದ್ದುದರಿಂದ ಅದು ‘ಡೆಂಕಾಲಿ’ಯಾಯಿತು. ಕಡಲ್ಗಳ್ಳರಾದ ‘ಸಿಂಗ್’ ಕೂಟ ‘ಸಿಂಗಾ’ ಆಯಿತು. ಹಿಂದಿನ ಫ್ಯಾಂಟಮ್‌ನನ್ನು ಕೊಂದ ರಾಮಾ ಎಂಬ ಖಳ ‘ರಾಮಾಲು’ ಆದನು. ನಗೆ ತರಿಸುವ ಬದಲಾವಣೆಗಳೆಂದು ಇವನ್ನು ತಳ್ಳಿಹಾಕುವಂತಿಲ್ಲ. ವಸಾಹತು ಕಾಲದ ಕಲ್ಪನೆಯಲ್ಲಿ ಪೂರ್ವದೇಶದವನೇ ಖಳನಾಗಿದ್ದ ಕಥೆಯನ್ನು ಅದೇ ಪೂರ್ವದೇಶದ ಮಕ್ಕಳ ಕೈಗೆ ಕೊಡಬೇಕಾದಾಗ ಸಂಪಾದಕರಿಗೆ ಉಂಟಾದ ಮುಜುಗರದ ದಾಖಲೆಗಳಿವು. ಇದನ್ನು ಅಭ್ಯಾಸ ಮಾಡಲು ಅಮೆರಿಕದ ಮೂಲವೂ ಭಾರತೀಯ ಸಂಚಿಕೆಯೂ ಎರಡೂ ಕೈಯಲ್ಲಿರಬೇಕು. ಮರುಮುದ್ರಣದಿಂದ ಪ್ರಯೋಜನವಿಲ್ಲ.

ಇಂದ್ರಜಾಲಕ್ಕೆ ಸ್ವದೇಶೀ ನಾಯಕ ದೊರೆತದ್ದು 1976ರಲ್ಲಿ. ಆಬಿದ್ ಸುರತಿ ಸೃಷ್ಟಿಸಿ, ಮಾಲಿಕೆಯ ಆರಂಭಿಕ ಮುಖಪುಟಗಳ ಚಿತ್ರಕಾರರಾಗಿದ್ದ ಗೋವಿಂದ ಬ್ರಾಹ್ಮಣಿಯಾ ರೂಪ ಕೊಟ್ಟ ಬಹಾದುರ್, ಮೇಲೆ ಕೇಸರಿ ಕುರ್ತಾ ತೊಟ್ಟು ಕೆಳಗೆ ಜೀನ್ಸ್ ಧರಿಸುತ್ತಿದ್ದನು. ಡಕಾಯಿತನ ಮಗನಾದ ಅವನು ಜಯಗಢದಲ್ಲಿ ನಾಗರಿಕ ರಕ್ಷಣಾ ದಳವನ್ನು ಕಟ್ಟುತ್ತಾನೆ. ಅವನ ಸಂಗಾತಿ ಬೇಲಾ ಕೈಕಾಲು ಬಳಸಿ ಹೋರಾಡಬಲ್ಲ ಹೆಣ್ಣು. ನಾಯಕ ಬಿಡಿಸಲೆಂದು ಕಾದು ಕೂರುವವಳಲ್ಲ.

ನಾಯಿಕೆಯರ ಸಾಲು

ಚಿತ್ರಕಥೆಗಳ ನಾಯಿಕೆಯರ ಬಗ್ಗೆ ನಡೆದ ವಿಮರ್ಶೆ ಬಹುಮಟ್ಟಿಗೆ ಅಮರ ಚಿತ್ರ ಕಥೆಯ ಪೌರಾಣಿಕ ಸ್ತ್ರೀಯರನ್ನು ಕುರಿತದ್ದು. ನಂದಿನಿ ಚಂದ್ರ (2008) ಮತ್ತು ಕಾರ್ಲೀನ್ ಮೆಕ್‌ಲೇನ್ (2009) ಅವರ ಗ್ರಂಥಗಳು ಈ ಮಾಲಿಕೆಯ ಅಭ್ಯಾಸಕ್ಕೆ ಗಟ್ಟಿಯಾದ ತಳಹದಿ ಹಾಕಿದವು. ಸಾವಿತ್ರಿಯಂಥ ಪುಸ್ತಕಗಳು ಪಾತಿವ್ರತ್ಯವನ್ನೇ ಸ್ತ್ರೀಯ ಶೌರ್ಯವೆಂದು ಬಿಂಬಿಸಿದವೆಂಬ ಆಕ್ಷೇಪವೂ ಹೊಸದಲ್ಲ. ಆಕ್ಷೇಪ ಸರಿಯಾದುದೇ. ಆದರೆ ಕನ್ನಡದ ಕಡೆಯಿಂದ ನೋಡಿದಾಗ ಸಾಲು ಬೇರೆಯಾಗಿ ಕಾಣುತ್ತದೆ. ಇಲ್ಲಿ ಚಿತ್ರಕಥಾ ಪುಸ್ತಕದ ಮೊದಲ ನಾಯಿಕೆಯರು ಶಕುಂತಲೆ, ಸಾವಿತ್ರಿಯರಲ್ಲ. ಮಲತಾಯಿಯ ಕಾಟದಿಂದ ಪಾರಾಗುವ ಸಿಂಡ್ರೆಲಾ, ಕಾಡಿನಲ್ಲಿ ಆಸರೆ ಪಡೆಯುವ ಸ್ನೋ ವೈಟ್, ತೋಳದ ಮುಂದೆ ನಿಲ್ಲುವ ಕೆಂಪು ಟೊಪ್ಪಿಗೆಯ ಹುಡುಗಿ, ಬಿರುಗಾಳಿಗೆ ಸಿಕ್ಕಿ ಓಜ್ ನಾಡು ತಲುಪುವ ಡೊರೊಥಿ—ಇವರು ಮೊದಲಿಗರು. ಹತ್ತು ಪುಸ್ತಕಗಳಲ್ಲಿ ಐದು ಹೆಣ್ಣುಮಕ್ಕಳ ಸುತ್ತ ಹೆಣೆದ ಕಥೆಗಳೆಂಬುದು ಅನಂತರದ ಭಾರತೀಯ ಪಟ್ಟಿಯನ್ನು ನೋಡಿದಾಗ ಸಾಮಾನ್ಯ ಸಂಗತಿಯಲ್ಲ.

ಮಲತಾಯಿಯ ಕಾಟ ಉತ್ತರ ಕರ್ನಾಟಕದ ಜನಪದ ಕಥೆಗಳಲ್ಲಿಯೂ ಗರತಿಯ ಹಾಡುಗಳಲ್ಲಿಯೂ ಪರಿಚಿತವಾದ ವಸ್ತು. ಎ.ಕೆ. ರಾಮಾನುಜನ್ ಅವರು ಕನ್ನಡದ ‘ಹಂಚಿ’ ಕಥೆಯನ್ನು ಸಿಂಡ್ರೆಲಾಳ ಕಥೆಯೊಡನೆ ತೂಗಿ ನೋಡಿದ್ದು ವಿದ್ವಾಂಸರಿಗೆ ತಿಳಿದ ವಿಷಯ. ಆದುದರಿಂದ 1965ರ ಕನ್ನಡ ಮಗುವಿಗೆ ಸಿಂಡ್ರೆಲಾ ಪೂರ್ಣವಾಗಿ ಪರಕೀಯಳಾಗಿ ಕಂಡಿರಲಾರಳು. ಅಜ್ಜಿ ಹೇಳಿದ ಕಥೆಯ ಹುಡುಗಿಯೇ ಬೇರೆ ಉಡುಗೆ ತೊಟ್ಟು ಬಂದಂತೆ ತೋರಿರಬೇಕು. ಪುಸ್ತಕಗಳು ಮಾರಾಟವಾದುದಕ್ಕೆ ಇದೂ ಒಂದು ಕಾರಣವಾಗಿರಬಹುದೆಂದು ಊಹಿಸಬಹುದು. ಇದನ್ನು ಪರಿಶೀಲಿಸಲು ಆ ಪುಸ್ತಕಗಳ ಕನ್ನಡ ಬೇಕು: ಮಾತಿನ ಗುಳ್ಳೆಗಳೊಳಗೆ ಮಲತಾಯಿ ಯಾವ ಕನ್ನಡದಲ್ಲಿ ಗದರಿಸಿದಳು, ರಾಜಕುಮಾರ ಗ್ರಾಂಥಿಕವಾಗಿ ಮಾತಾಡಿದನೇ ಆಡುನುಡಿಯಲ್ಲಿಯೇ ಎಂಬುದು ಭಾಷಾಂತರ ಚರಿತ್ರೆಗೆ ಸಣ್ಣ ಪ್ರಶ್ನೆಯಲ್ಲ.

ಇಂಗ್ಲಿಷ್ ಮಾಲಿಕೆ ಮುಂದುವರಿದಂತೆ ಪುರಾಣದ ಸ್ತ್ರೀಯರ ಪಕ್ಕದಲ್ಲಿ ಚರಿತ್ರೆಯ ಸ್ತ್ರೀಯರು ಸೇರಿಕೊಂಡರು. ಮೀರಾಬಾಯಿ 36ನೆಯ ಪುಸ್ತಕ, ಝಾನ್ಸಿಯ ರಾಣಿ 51, ಚಾಂದಬೀಬಿ 54. ಈ ಕೊನೆಯ ಹೆಸರು ವಿಜಯಪುರದ ಓದುಗನಿಗೆ ಹತ್ತಿರದ್ದು. ಚಾಂದಬೀಬಿ ಒಂದನೆಯ ಅಲಿ ಆದಿಲಶಾಹನ ಪತ್ನಿ. 1580ರಲ್ಲಿ ಅವನು ಹತನಾದ ಮೇಲೆ ಬಾಲಕ ಎರಡನೆಯ ಇಬ್ರಾಹಿಮನ ಪೋಷಕಳಾಗಿ ವಿಜಯಪುರದ ಆಡಳಿತವನ್ನು ನೋಡಿಕೊಂಡವಳು. 1595–96ರಲ್ಲಿ ತವರಾದ ಅಹಮದನಗರದ ಕೋಟೆಯನ್ನು ಮೊಗಲರ ಮುತ್ತಿಗೆಯಿಂದ ರಕ್ಷಿಸಿದವಳು. ನಗರದಲ್ಲಿ 1579ರಲ್ಲಿ ನಿರ್ಮಾಣವಾದ ಚಾಂದ ಬಾವಡಿ ಅವಳ ಹೆಸರನ್ನು ಉಳಿಸಿಕೊಂಡಿದೆ. ಬಾವಡಿಗೆ ಪುರಾತತ್ತ್ವದ ಗ್ರಂಥಗಳಲ್ಲಿ ಅಳತೆ, ವರ್ಣನೆಗಳಿವೆ. ಅದೇ ಹೆಸರಿನ ಚಿತ್ರಕಥೆಯ ಮೂಲಕ ದೇಶದ ಮಕ್ಕಳು ವಿಜಯಪುರವನ್ನು ಹೇಗೆ ಕಂಡರೆಂಬುದನ್ನು ಜಿಲ್ಲೆಯ ಚರಿತ್ರೆ ಬರೆಯುವವರು ಇನ್ನೂ ವಿಚಾರಿಸಬೇಕಾಗಿದೆ.

ಪ್ರತಿಯ ಪರೀಕ್ಷೆ

ಹಳೆಯ ಚಿತ್ರಕಥೆಯ ಕಾಲನಿರ್ಣಯ ಶಾಸನದ ಕಾಲನಿರ್ಣಯಕ್ಕಿಂತ ಸುಲಭವೆಂದು ಭಾವಿಸಬೇಕಾಗಿಲ್ಲ. ಅಮರ ಚಿತ್ರ ಕಥೆಯ ಪುಸ್ತಕಗಳು ಮತ್ತೆ ಮತ್ತೆ ಅಚ್ಚಾದವು. ಅನಂತರದ ಆವೃತ್ತಿಗಳಲ್ಲಿ ಸಂಖ್ಯಾಕ್ರಮವೇ ಬದಲಾಯಿತು. ಹನ್ನೊಂದನೆಯದಾಗಿದ್ದ ‘ಕೃಷ್ಣ’ ಹೊಸ ಕ್ರಮದಲ್ಲಿ 501 ಆಯಿತು. ಈ ಬದಲಾವಣೆಯೊಡನೆ ಹನ್ನೊಂದು ಎಂಬ ಸಂಖ್ಯೆ ಓದುಗರ ಕಣ್ಣಿನಿಂದ ಮರೆಯಾಯಿತು. ಅದರ ಹಿಂದಿದ್ದ ಹತ್ತು ಕನ್ನಡ ಪುಸ್ತಕಗಳ ಏಕೈಕ ಸುಳಿವೂ ಮರೆಯಾಯಿತು. ಮೂಲ ಸಂಖ್ಯೆಯುಳ್ಳ ಪ್ರತಿಗಳನ್ನು ಹಟದಿಂದ ಉಳಿಸಿಕೊಂಡ ಖಾಸಗಿ ಸಂಗ್ರಾಹಕರಿಲ್ಲದೆ ಹೋಗಿದ್ದರೆ ‘ಮೊದಲ ಹತ್ತು ಎಲ್ಲಿ’ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ.

ಆದುದರಿಂದ ಪ್ರತಿಯನ್ನು ಪರೀಕ್ಷಿಸುವವರು ಹೊದಿಕೆಯ ಮೇಲಿನ ಸಂಖ್ಯೆ ಮತ್ತು ಬೆಲೆ, ಹಿಂಬದಿಯಲ್ಲಿ ಕೊಟ್ಟಿರುವ ಪ್ರಕಟಿತ ಪುಸ್ತಕಗಳ ಪಟ್ಟಿ, ಮುದ್ರಣಾಲಯದ ಹೆಸರು, ಜಾಹೀರಾತು ಇವುಗಳನ್ನು ಒಟ್ಟಿಗೆ ನೋಡಬೇಕಾಗುತ್ತದೆ. ಪಟ್ಟಿಯಲ್ಲಿ ಕೊನೆಗೆ ಬಂದ ಹೆಸರು ಯಾವುದೆಂಬುದರಿಂದ ಆ ಅಚ್ಚು ಯಾವುದಕ್ಕಿಂತ ಹಿಂದಿನದಲ್ಲವೆಂದು ತಿಳಿಯುತ್ತದೆ. ಬಣ್ಣವೂ ಸಾಕ್ಷ್ಯ ನುಡಿಯುತ್ತದೆ. ಆರಂಭಿಕ ಮುದ್ರಣಗಳಲ್ಲಿ ಖರ್ಚು ತಗ್ಗಿಸಲು ಹಳದಿ, ನೀಲಿ, ಹಸಿರುಗಳನ್ನಷ್ಟೇ ಬಳಸಿದ ಪುಟಗಳಿದ್ದವು. ಪೂರ್ಣ ವರ್ಣದ ಪ್ರತಿ ಕೈಗೆ ಸಿಕ್ಕರೆ ಅದನ್ನು ಆದಿಮುದ್ರಣವೆಂದು ಅವಸರದಿಂದ ನಂಬಬಾರದು. ಇಂದ್ರಜಾಲದಲ್ಲಿ ಇನ್ನೊಂದು ಬಗೆಯ ಬಲೆಯಿದೆ. 1990ರಲ್ಲಿ ನಿಲ್ಲುವ ವೇಳೆಗೆ ಅದರ ಸಂಖ್ಯೆ 805ಕ್ಕೆ ಮುಟ್ಟಿತ್ತಾದರೂ ಪ್ರಕಟವಾದ ಸಂಚಿಕೆಗಳು 803. ಮುಷ್ಕರದ ಕಾರಣ 123 ಮತ್ತು 124 ಹೊರಬರಲೇ ಇಲ್ಲ. ಇಲ್ಲದ ಆ ಎರಡು ಸಂಚಿಕೆಗಳನ್ನು ವರ್ಷಗಟ್ಟಲೆ ಹುಡುಕಿದ ಸಂಗ್ರಾಹಕರನ್ನು ಕಂಡು ಮರುಕಪಡಬೇಕಷ್ಟೆ.

ಮನೆಗಳಲ್ಲಿ ಹತ್ತಿಪ್ಪತ್ತು ಚಿತ್ರಕಥೆಗಳನ್ನು ಸೇರಿಸಿ ರಟ್ಟು ಕಟ್ಟಿಸುವ ವಾಡಿಕೆ ಇತ್ತು. ಈ ಕಟ್ಟುಗಳು ಪುಟಗಳನ್ನು ಉಳಿಸಿದವು. ಆದರೆ ಕಟ್ಟುವವನು ಅಂಚು ಕತ್ತರಿಸುವಾಗ ಸಂಖ್ಯೆಯೂ ಬೆಲೆಯೂ ಇದ್ದ ಹೊದಿಕೆಯನ್ನು ಅನೇಕ ವೇಳೆ ಕಿತ್ತುಹಾಕಿದನು. ಸಂಗ್ರಹದ ಮಾರುಕಟ್ಟೆ ಇಂಥ ಕಟ್ಟುಗಳಿಗೆ ಬೆಲೆ ಕಟ್ಟುವುದಿಲ್ಲ. ಸಂಶೋಧಕನ ದೃಷ್ಟಿ ಬೇರೆಯಾಗಬೇಕು. ಒಂದು ಮನೆಯವರು ಯಾವ ಪುಸ್ತಕವನ್ನು ಯಾವುದರ ಪಕ್ಕಕ್ಕೆ ಇರಿಸಿ ಹೊಲಿಸಿದರು, ಫ್ಯಾಂಟಮ್‌ನ ಜೊತೆಗೆ ಪ್ರಹ್ಲಾದನನ್ನು ಕಟ್ಟಿಸಿದರೇ, 1949ರಿಂದ ಕನ್ನಡದಲ್ಲಿ ಬರುತ್ತಿದ್ದ ಚಂದಮಾಮದ ಹಾಳೆಗಳನ್ನೂ ಸೇರಿಸಿದರೇ ಎಂಬುದು ಓದಿನ ಇತಿಹಾಸಕ್ಕೆ ನೇರವಾದ ಆಕರ. ಬಿಡಿ ಪ್ರತಿ ಪ್ರಕಾಶಕನ ಚರಿತ್ರೆಯನ್ನು ಹೇಳಿದರೆ ಕಟ್ಟು ಓದುಗನ ಚರಿತ್ರೆಯನ್ನು ಹೇಳುತ್ತದೆ.

ಗ್ರಂಥಾಲಯಗಳ ಪಾತ್ರ

ಪ್ರಕಟವಾದ ಪ್ರತಿ ಪುಸ್ತಕದ ಪ್ರತಿಯನ್ನು ರಾಷ್ಟ್ರೀಯ ಗ್ರಂಥಾಲಯವೇ ಮೊದಲಾದವುಗಳಿಗೆ ಒಪ್ಪಿಸಬೇಕೆಂಬ ಕಾಯಿದೆ 1954ರಲ್ಲಿಯೇ ಬಂದಿತ್ತು. 1956ರ ತಿದ್ದುಪಡಿ ಅದನ್ನು ಪತ್ರಿಕೆಗಳಿಗೂ ವಿಸ್ತರಿಸಿತು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಅಧಿನಿಯಮ 1965ರದು, ಅಂದರೆ ಕನ್ನಡದ ಆ ಹತ್ತು ಚಿತ್ರಕಥೆಗಳ ಸಮವಯಸ್ಕ. ಕಾನೂನಿನ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ವರ್ಗೀಕರಣದ ಮನೋಭಾವದಲ್ಲಿ. ಚಿತ್ರಕಥೆ ಪುಸ್ತಕವೋ ನಿಯತಕಾಲಿಕೆಯೋ ಎಂಬ ಗೊಂದಲದಲ್ಲಿ ಅದು ಎರಡೂ ದಾಖಲೆಗಳಿಂದ ಜಾರಿಹೋಯಿತು. ಮಕ್ಕಳ ವಿಭಾಗಕ್ಕೆ ಬಂದ ಪ್ರತಿಗಳನ್ನು ಓದಿ ಸವೆಸುವ ಸಾಮಗ್ರಿಯೆಂದು ಎಣಿಸಲಾಯಿತು. ಹರಿದ ಮೇಲೆ ವಜಾ ಪಟ್ಟಿಗೆ ಸೇರಿಸುವುದು ನಿಯಮಕ್ಕೆ ವಿರುದ್ಧವೂ ಆಗಿರಲಿಲ್ಲ. ಹೀಗೆ ಹೆಚ್ಚು ಓದಿಸಿಕೊಂಡ ಪುಸ್ತಕವೇ ಮೊದಲು ಇಲ್ಲವಾಯಿತು. ಯಾರೂ ಮುಟ್ಟದ ಗ್ರಂಥಗಳು ಕಪಾಟಿನಲ್ಲಿ ಸುರಕ್ಷಿತವಾಗಿ ಉಳಿದವು.

ಗಣಕೀಕೃತ ಪ್ರತಿಗಳು ಈ ಕೊರತೆಯನ್ನು ತುಂಬಿದವೆಂಬ ವಾದವನ್ನು ಭಾಗಶಃ ಮಾತ್ರ ಒಪ್ಪಬಹುದು. ಅಂತರ್ಜಾಲದಲ್ಲಿ ಹಂಚಿಕೆಯಾಗುವ ಚಿತ್ರಕಥೆಗಳಲ್ಲಿ ಇಂಗ್ಲಿಷ್ ಮತ್ತು ಹಿಂದಿಯವು ಎದ್ದು ಕಾಣುತ್ತವೆ. ಅವುಗಳಲ್ಲಿಯೂ ಮರುಮುದ್ರಣದ ಪುಟಕ್ಕೆ ಆದಿಮುದ್ರಣದ ಹೊದಿಕೆ ಅಂಟಿಸಿದ ಪ್ರಸಂಗಗಳನ್ನು ಎಚ್ಚರದಿಂದ ಬೇರ್ಪಡಿಸಬೇಕು. ಕಾಗದದ ದಪ್ಪ, ಪಿನ್ನಿನ ಗುರುತು, ಒಳಹೊದಿಕೆಯಲ್ಲಿ ಮಗುವೊಂದು ಬರೆದ ಹೆಸರು ಮತ್ತು ತರಗತಿ, ಮಾರಿದ ಅಂಗಡಿಯ ಮುದ್ರೆ—ಇವು ಪರದೆಯ ಮೇಲೆ ಸಿಗುವುದಿಲ್ಲ. 1965ರ ಕನ್ನಡ ‘ಸಿಂಡ್ರೆಲಾ’ದ ಒಂದು ಪ್ರತಿಯ ಮೇಲೆ ವಿಜಯಪುರದ್ದೋ ಬಸವನಬಾಗೇವಾಡಿಯದ್ದೋ ಅಂಗಡಿಯ ಮುದ್ರೆ ದೊರೆತರೆ, ಬೆಂಗಳೂರಿನಲ್ಲಿ ಮೊಳೆತ ಈ ಪ್ರಯೋಗ ಎಷ್ಟು ದೂರದವರೆಗೆ, ಎಷ್ಟು ಬೇಗ ಹಬ್ಬಿತೆಂಬುದಕ್ಕೆ ಅದು ಗಟ್ಟಿ ದಾಖಲೆಯಾಗುತ್ತದೆ.

ಜಿಲ್ಲಾ ಗ್ರಂಥಾಲಯಗಳು, ವಿಶ್ವವಿದ್ಯಾಲಯಗಳ ಹಸ್ತಪ್ರತಿ ಮತ್ತು ಪ್ರಕಟಣಾ ವಿಭಾಗಗಳು ಈ ಹತ್ತು ಹೆಸರುಗಳನ್ನು ತಮ್ಮ ಅನ್ವೇಷಣೆಯ ಪಟ್ಟಿಗೆ ಸೇರಿಸಿಕೊಳ್ಳಬಹುದು. ಕೃಷ್ಣಾ ಮೇಲ್ದಂಡೆ ಯೋಜನೆಯಿಂದ ಆಲಮಟ್ಟಿಯ ಹಿನ್ನೀರಿಗೆ ಊರುಗಳು ಸ್ಥಳಾಂತರಗೊಂಡ ಈ ಭಾಗದಲ್ಲಿ ಹುಡುಕಾಟ ಹೆಚ್ಚು ಶ್ರಮ ಬೇಡುವಂಥದು. ಮನೆ ಬಿಡುವಾಗ ಜನ ಬಾಗಿಲು, ಚೌಕಟ್ಟು, ಕಂಬಗಳನ್ನು ಬಿಚ್ಚಿ ಕೊಂಡೊಯ್ದರು. ಹಳೆಯ ಕಾಗದವನ್ನು ಹಾಗೆ ಕೊಂಡೊಯ್ದವರು ವಿರಳ. ಉಳಿದಿರುವ ಟ್ರಂಕುಗಳಲ್ಲಿ ಪುಟ ಹರಿದ, ಹೊದಿಕೆಯಿಲ್ಲದ ಕನ್ನಡ ಚಿತ್ರಕಥೆ ಕಂಡಾಗ ಒಳಪುಟದ ಅಡಿಯಲ್ಲಿ ಪ್ರಕಾಶಕರ ಹೆಸರಿದೆಯೇ ಎಂದು ನೋಡಬೇಕು, ಕಥೆಯಲ್ಲಿ ಗಾಜಿನ ಪಾದರಕ್ಷೆಯೋ ಅವರೆಬಳ್ಳಿಯೋ ಇದೆಯೇ ಎಂದು ನೋಡಬೇಕು, ತೂಕಕ್ಕೆ ಹಾಕುವುದು ಆಮೇಲೆ.